ಲಿನಕ್ಸ್‌ನಲ್ಲಿ ವೈಫೈ ಇಲ್ಲ, ಸದ್ದಿಲ್ಲ, ಪ್ರಿಂಟರ್ ಏಳುತ್ತಿಲ್ಲ: ತಪ್ಪು ಚಿಪ್ಪಿನದೋ, ಡ್ರೈವರಿನದೋ?

ಹೊಸ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದಾಯಿತು. ಪರದೆ ಬಂತು, ಕೀಬೋರ್ಡ್ ಮಾತು ಕೇಳಿತು, ವೈಫೈ ಗುರುತು ಮಾತ್ರ ಎಲ್ಲೂ ಇಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಉಬುಂಟು ಅಳಿಸಿ ಫೆಡೋರಾ ಹಾಕುತ್ತಾರೆ, ಅದೂ ಆಗದಿದ್ದರೆ ಮಿಂಟ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಇವೆಲ್ಲ ಲಿನಕ್ಸ್‌ನ ಬೇರೆ ಬೇರೆ ಸಿದ್ಧರೂಪಗಳು, ಅಂದರೆ ಡಿಸ್ಟ್ರೋಗಳು. ಎಲ್ಲದರ ಒಳಗೂ ಇರುವುದು ಅದೇ ಲಿನಕ್ಸ್ ಕರ್ನಲ್, ಹಾರ್ಡ್‌ವೇರ್ ನಡೆಸುವ ತಿರುಳು. ಡಿಸ್ಟ್ರೋ ಬದಲಾಯಿಸಿದಾಗ ಹಾರ್ಡ್‌ವೇರ್ ಮಟ್ಟಿಗೆ ಬದಲಾಗುವುದು ಮುಖ್ಯವಾಗಿ ಎರಡೇ: ಕರ್ನಲ್‌ನ ಆವೃತ್ತಿ ಮತ್ತು ಜೊತೆಗೆ ಬರುವ ಫರ್ಮ್‌ವೇರ್ ಕಡತಗಳು (ಚಿಪ್ಪಿನ ಒಳಗೆ ಓಡುವ ಪುಟ್ಟ ಪ್ರೋಗ್ರಾಂಗಳು). ಇವೆರಡರಲ್ಲಿ ಯಾವುದು ಕೈಕೊಟ್ಟಿದೆ ಎಂಬುದನ್ನು ಏನನ್ನೂ ಅಳಿಸದೆ, ಕೆಲವೇ ನಿಮಿಷಗಳಲ್ಲಿ ತಿಳಿಯಬಹುದು.

ಸಾಧನ ಕೊಂಡು ಸಿಕ್ಕಿಹಾಕಿಕೊಂಡವರಿಗೂ ಇನ್ನೂ ಕೊಳ್ಳಬೇಕಾದವರಿಗೂ ಪರೀಕ್ಷೆ ಒಂದೇ. ಕೊಂಡ ಮೇಲೆ ಮಾಡಿದರೆ ಅದು ದೋಷ ಪತ್ತೆ, ಕೊಳ್ಳುವ ಮೊದಲು ಮಾಡಿದರೆ ಹಣ ಉಳಿತಾಯ. ಕೆಳಗೆ ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆಯುವ ಕಿಟಕಿಯಲ್ಲಿ) ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಹೊಡೆಯಿರಿ.

ಪರೀಕ್ಷೆಯ ಸರದಿ

ಒಂದು ಸಾಧನ ಕೆಲಸ ಮಾಡಬೇಕಾದರೆ ಮೊದಲು ಅದು ಪಿಸಿಐ ಅಥವಾ ಯುಎಸ್‌ಬಿ ದಾರಿಯಲ್ಲಿ ಕರ್ನಲ್‌ನ ಕಣ್ಣಿಗೆ ಬೀಳಬೇಕು. ಆಮೇಲೆ ಅದರ ಗುರುತಿನ ಸಂಖ್ಯೆಯನ್ನು "ಇದು ನನ್ನದು" ಎನ್ನುವ ಡ್ರೈವರ್, ಅಂದರೆ ಆ ಸಾಧನವನ್ನು ನಡೆಸುವ ತಂತ್ರಾಂಶ, ಕರ್ನಲ್‌ನಲ್ಲಿ ಇರಬೇಕು. ಆ ಡ್ರೈವರ್ ಚಿಪ್ಪಿನೊಳಗೆ ತುಂಬಬೇಕಾದ ಫರ್ಮ್‌ವೇರ್ ಕಡತ ಡಿಸ್ಕಿನಲ್ಲಿ ಸಿಗಬೇಕು. ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ತಂತ್ರಾಂಶ), ಸೆಕ್ಯೂರ್ ಬೂಟ್, ವೈಫೈ ಸ್ವಿಚ್‌ನಂಥವು ಅಡ್ಡ ನಿಂತಿರಬಾರದು. ಇಷ್ಟೂ ಆದ ಮೇಲೇ ಸೆಟ್ಟಿಂಗ್ಸ್ ಪರದೆಯ ಮಾತು. ಬಹಳ ಜನ ಕೊನೆಯ ಮೆಟ್ಟಿಲಿನಿಂದ ಹುಡುಕಲು ಶುರುಮಾಡುತ್ತಾರೆ. ಹುಡುಕಬೇಕಾದದ್ದು ಮೊದಲನೆಯದರಿಂದ.

ಡಬ್ಬಿಯ ಮೇಲಿನ ಹೆಸರನ್ನು ಮರೆತುಬಿಡಿ

"ಎಲ್‌ಎಸ್‌ಪಿಸಿಐ" ಕಮಾಂಡನ್ನು "-ಎನ್‌ಎನ್‌ಕೆ" ಎಂಬ ಆಯ್ಕೆಯೊಂದಿಗೆ ಓಡಿಸಿ. ಪಟ್ಟಿ ಉದ್ದವಿರುತ್ತದೆ, ಗಾಬರಿ ಬೇಡ. ವೈಫೈಗಾಗಿ "ನೆಟ್‌ವರ್ಕ್ ಕಂಟ್ರೋಲರ್" ಎಂದಿರುವ ಸಾಲನ್ನಷ್ಟೇ ನೋಡಿ. ಆ ಸಾಲಿನ ಕೊನೆಯ ಕಡೆ ಚೌಕ ಆವರಣದಲ್ಲಿ 8086:2723 ಎಂಬಂಥ ಜೋಡಿ ಸಂಖ್ಯೆ ಕಾಣುತ್ತದೆ. ನಡುವಿನ ಕೋಲನ್ ಚಿಹ್ನೆಯ ಎಡಗಡೆಯದು ತಯಾರಕರ ಸಂಖ್ಯೆ. 8086 ಎಂದರೆ ಇಂಟೆಲ್. 1978ರ ತಮ್ಮ ಹೆಸರಾಂತ ಪ್ರೊಸೆಸರ್‌ನ ಸಂಖ್ಯೆಯನ್ನೇ ಅವರು ಹಣೆಪಟ್ಟಿ ಮಾಡಿಕೊಂಡಿದ್ದಾರೆ. ಬಲಗಡೆಯ 2723 ಆ ಚಿಪ್ಪಿನದು, ಅಂದರೆ ಎಎಕ್ಸ್200 ವೈಫೈ ಕಾರ್ಡ್. ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್: ಐಡಬ್ಲ್ಯುಎಲ್‌ವೈಫೈ" ಎಂದಿದ್ದರೆ ಡ್ರೈವರ್ ಆ ಚಿಪ್ಪನ್ನು ಹಿಡಿದುಕೊಂಡಿದೆ ಎಂದರ್ಥ.

ಈಗ ಮೂರು ಸಾಧ್ಯತೆಗಳಿವೆ. ಸಾಧನದ ಸಾಲೇ ಇಲ್ಲದಿದ್ದರೆ ತಪ್ಪು ಲಿನಕ್ಸ್‌ನದಾಗಿರುವುದು ಅಪರೂಪ. ಕಾರ್ಡ್ ಸರಿಯಾಗಿ ಕೂತಿಲ್ಲ, ಬಯೋಸ್‌ನಲ್ಲಿ ಆಫ್ ಮಾಡಲಾಗಿದೆ ಅಥವಾ ಸಾಧನವೇ ಸತ್ತಿದೆ. ಸಾಲಿದೆ, ಆದರೆ "ಡ್ರೈವರ್ ಇನ್ ಯೂಸ್" ಎಂಬುದು ಕಾಣುತ್ತಿಲ್ಲ ಎಂದರೆ ಈ ಕರ್ನಲ್‌ಗೆ ಆ ಸಂಖ್ಯೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹಿಡಿಯಲು ಹೋಗಿ ಸೋತಿದೆ. "ಕರ್ನಲ್ ಮಾಡ್ಯೂಲ್ಸ್" (ಕರ್ನಲ್‌ಗೆ ಸೇರಿಸಬಹುದಾದ ಡ್ರೈವರ್ ತುಂಡುಗಳು) ಎಂಬ ಸಾಲು ಮಾತ್ರ ಉಳಿದಿದ್ದರೆ ಎರಡನೆಯದೇ ನಿಜವಿರಬಹುದು. ಡ್ರೈವರ್ ಹಿಡಿದಿದೆ, ಆದರೂ ಸಾಧನ ಮೂಕವಾಗಿದೆ ಎಂದರೆ ಫರ್ಮ್‌ವೇರ್ ಅಥವಾ ಸ್ವಿಚ್ ಕಡೆಗೆ ತಿರುಗಿ.

ಯುಎಸ್‌ಬಿ ಸಾಧನಗಳಿಗೆ "ಎಲ್‌ಎಸ್‌ಯುಎಸ್‌ಬಿ" ಇದೆ. ಇಲ್ಲೊಂದು ಕುಚೇಷ್ಟೆಯನ್ನು ತಿಳಿದಿರಬೇಕು. ಕೆಲವು ಯುಎಸ್‌ಬಿ ವೈಫೈ ಕಡ್ಡಿಗಳು, ಅದರಲ್ಲೂ ರಿಯಲ್‌ಟೆಕ್ ಚಿಪ್ ಇರುವ ಕೆಲವು, ಚುಚ್ಚಿದ ಕೂಡಲೇ ತಾವು ವೈಫೈ ಎಂದು ಹೇಳಿಕೊಳ್ಳುವುದೇ ಇಲ್ಲ. ವಿಂಡೋಸ್ ಡ್ರೈವರ್ ತುಂಬಿಕೊಂಡ ಸಣ್ಣ ಸಿಡಿ ಡ್ರೈವ್‌ನಂತೆ ವೇಷ ಹಾಕಿ ಕೂರುತ್ತವೆ. ವಿಂಡೋಸ್ ಅದರಿಂದ ಡ್ರೈವರ್ ಹಾಕಿಕೊಂಡ ಮೇಲೆ ವೇಷ ಕಳಚುತ್ತದೆ. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ "ಯುಎಸ್‌ಬಿ ಮೋಡ್‌ಸ್ವಿಚ್" ಎಂಬ ಪ್ಯಾಕೇಜ್ ಇದೆ. ವೈಫೈ ಕಡ್ಡಿ ಚುಚ್ಚಿದಾಗ ಫೈಲ್ ಮ್ಯಾನೇಜರ್‌ನಲ್ಲಿ ಅಪರಿಚಿತ ಡಿಸ್ಕ್ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಡಬ್ಬಿಯ ಹೆಸರನ್ನು ನಂಬಬೇಡಿ ಎನ್ನುವುದಕ್ಕೆ ಎಲ್ಲರೂ ಕೊಡುವ ಉದಾಹರಣೆ ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್. ಇದರ ಮೊದಲ ಆವೃತ್ತಿಯಲ್ಲಿ ಇದ್ದದ್ದು ಅಥೆರೋಸ್‌ನ ಎಆರ್9271 ಚಿಪ್: ಡ್ರೈವರ್ ಕರ್ನಲ್‌ನಲ್ಲೇ ಇದೆ, ಫರ್ಮ್‌ವೇರ್ ಕೂಡ ಮುಕ್ತ, ಅಂದರೆ ಮೂಲ ಸಂಕೇತ ಎಲ್ಲರಿಗೂ ಲಭ್ಯ. ಎರಡನೇ ಆವೃತ್ತಿಗೆ ಬರುವಷ್ಟರಲ್ಲಿ ಒಳಗೆ ರಿಯಲ್‌ಟೆಕ್‌ನ ಬೇರೆಯೇ ಚಿಪ್ ಬಂದು ಕೂತಿತ್ತು. ಹೊರಗಿನ ಮಾದರಿ ಸಂಖ್ಯೆ ಅದೇ. ಹಳೆಯ ಶಿಫಾರಸು ನೋಡಿ ಕೊಂಡವರು ಬೇರೊಂದು ಸಾಧನವನ್ನೇ ಮನೆಗೆ ತಂದಂತಾಯಿತು. ಹೀಗಾಗಿ ಯಾರಾದರೂ "ಈ ಮಾದರಿ ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ" ಎಂದರೆ ಕೇಳಬೇಕಾದ ಮರುಪ್ರಶ್ನೆ: ಯಾವ ಆವೃತ್ತಿ, ಯಾವ ಚಿಪ್?

ಎರರ್ -2: ಫರ್ಮ್‌ವೇರ್ ಸಿಕ್ಕಿಲ್ಲ

"ಸುಡೊ ಡಿಮೆಸೆಜ್" (sudo dmesg) ಓಡಿಸಿ ಅದರಲ್ಲಿ "ಫರ್ಮ್‌ವೇರ್" ಎಂಬ ಪದ ಹುಡುಕಿ. "ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫಾರ್..." ಎಂದು ಶುರುವಾಗಿ, ನಡುವೆ ಒಂದು ಕಡತದ ಹೆಸರು ಬಂದು, "ಫೇಲ್ಡ್ ವಿತ್ ಎರರ್ -2" ಎಂದು ಮುಗಿಯುವ ಸಾಲು ಕಂಡರೆ ಅರ್ಧ ಕೆಲಸ ಮುಗಿಯಿತು. -2 ಎಂದರೆ ಆ ಹೆಸರಿನ ಕಡತ ಇಲ್ಲ ಎಂದಷ್ಟೇ. ಚಿಪ್ ಸರಿ ಇದೆ, ಡ್ರೈವರ್ ಸರಿ ಇದೆ, ಚಿಪ್ಪಿನ ಒಳಗೆ ಓಡಬೇಕಾದ ಪುಟ್ಟ ಪ್ರೋಗ್ರಾಂ ಮಾತ್ರ ಡಿಸ್ಕಿನಲ್ಲಿಲ್ಲ. ಇಂಥ ಸಾಲು ಒಂದರ ಹಿಂದೆ ಒಂದು ನಾಲ್ಕೈದು ಬಂದರೂ ಹೆದರಬೇಕಿಲ್ಲ. ಡ್ರೈವರ್ ಹೊಸ ಆವೃತ್ತಿಯ ಕಡತದಿಂದ ಶುರುಮಾಡಿ ಹಳೆಯದಕ್ಕೆ ಇಳಿಯುತ್ತ ಹುಡುಕುತ್ತದೆ. ಕೊನೆಗೊಂದು ಸಿಕ್ಕಿ "ಲೋಡೆಡ್" ಎಂದಿದ್ದರೆ ಹಿಂದಿನ ದೂರುಗಳನ್ನು ಲೆಕ್ಕಿಸಬೇಡಿ. ಒಂದೂ ಸಿಗದಿದ್ದರೆ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನು, ಅಥವಾ ನಿಮ್ಮ ಡಿಸ್ಟ್ರೋ ಅದನ್ನು ತುಂಡು ಮಾಡಿ ಹಂಚಿದ್ದರೆ ಸಂಬಂಧಪಟ್ಟ ತುಂಡನ್ನು, ಹಾಕಿ ರೀಬೂಟ್ ಮಾಡಿ. ವೈಫೈಯೇ ಇಲ್ಲದಾಗ ಇಳಿಸಿಕೊಳ್ಳುವುದು ಹೇಗೆ ಎಂದರೆ, ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿ; ಸಾಮಾನ್ಯವಾಗಿ ಅದಕ್ಕೆ ಬೇರೆ ಡ್ರೈವರ್ ಬೇಡ.

ಡೆಬಿಯನ್ ಡಿಸ್ಟ್ರೋ ಬಳಸುವವರಿಗೆ ಈ ಗೋಳು ಹೆಚ್ಚು ಪರಿಚಿತ. ಬಹಳ ಕಾಲ ಅದರ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಮುಕ್ತವಲ್ಲದ ಫರ್ಮ್‌ವೇರ್‌ಗೆ ಜಾಗವಿರಲಿಲ್ಲ. 2022ರಲ್ಲಿ ಡೆವಲಪರ್‌ಗಳು ಮತ ಹಾಕಿ ನಿಲುವು ಬದಲಿಸಿದರು, 2023ರ ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್‌ನಲ್ಲೇ ಬರುತ್ತಿದೆ. ಹಾಗಾಗಿ ಹಳೆಯ ಪೆನ್‌ಡ್ರೈವ್‌ನಿಂದ ಡೆಬಿಯನ್ 11 ಹಾಕಿ ವೈಫೈ ಇಲ್ಲ ಎನ್ನುವವರಿಗೆ ಉತ್ತರ ಸುಲಭ.

ಇನ್ನೊಂದು ತುದಿಯಲ್ಲಿ ಟ್ರಿಸ್ಕೆಲ್, ಗಿಕ್ಸ್‌ನಂಥ ವ್ಯವಸ್ಥೆಗಳಿವೆ. ಅವು ಬಳಸುವ ಲಿನಕ್ಸ್-ಲಿಬ್ರೆ ಕರ್ನಲ್ ಮುಚ್ಚಿದ ಫರ್ಮ್‌ವೇರನ್ನು ಬೇಕೆಂದೇ ತುಂಬುವುದಿಲ್ಲ. ಅಲ್ಲಿ ಇಂಟೆಲ್ ವೈಫೈ ನಡೆಯದಿರುವುದು ದೋಷವಲ್ಲ, ಉದ್ದೇಶಪೂರ್ವಕ ನಿರ್ಧಾರ. ಲಿನಕ್ಸ್ ಅಲ್ಲದ ಇನ್ನೊಂದು ಮುಕ್ತ ವ್ಯವಸ್ಥೆ ಓಪನ್‌ಬಿಎಸ್‌ಡಿಯವರದು ಮೂರನೆಯ ದಾರಿ: ಮುಚ್ಚಿದ ಡ್ರೈವರ್ ಖಂಡಿತ ಬೇಡ, ಹಂಚಲು ಅನುಮತಿಯಿರುವ ಫರ್ಮ್‌ವೇರ್ ಆಗಬಹುದು, ಅದನ್ನು ತರಲು "ಎಫ್‌ಡಬ್ಲ್ಯು ಅಪ್‌ಡೇಟ್" ಎಂಬ ಬೇರೆ ಸಾಧನ. ಕೊಳ್ಳುವ ಮುನ್ನ ನೀವು ಇವುಗಳಲ್ಲಿ ಯಾವ ಕಡೆಯವರು ಎಂದು ತೀರ್ಮಾನಿಸಿಕೊಳ್ಳಿ. "ಲಿನಕ್ಸ್‌ನಲ್ಲಿ ನಡೆಯುತ್ತದೆ" ಎಂಬ ಒಂದೇ ಮಾತಿನೊಳಗೆ ಇಂಥ ಬೇರೆ ಬೇರೆ ನಿಲುವುಗಳು ಅಡಗಿಕೊಂಡಿರುತ್ತವೆ. ಫರ್ಮ್‌ವೇರ್ ಕಡತವೇ ಬೇಡದ ವೈಫೈ ಬೇಕೆಂದರೆ ಅಥೆರೋಸ್‌ನ ಎಟಿಎಚ್9ಕೆ ಡ್ರೈವರ್‌ಗೆ ಒಗ್ಗುವ ಹಳೆಯ ಪಿಸಿಐ ಕಾರ್ಡ್‌ಗಳಿವೆ. ವೇಗ ಇಂದಿನ ಲೆಕ್ಕಕ್ಕೆ ಕಡಿಮೆ, ಮುಕ್ತತೆ ಪೂರ್ತಿ. ನನ್ನ ಮಟ್ಟಿಗೆ, ಡ್ರೈವರ್ ಕರ್ನಲ್‌ನೊಳಗಿದ್ದರೆ ಫರ್ಮ್‌ವೇರ್ ವಿಷಯದಲ್ಲಿ ರಾಜಿಯಾಗುತ್ತೇನೆ. ಡ್ರೈವರೇ ಹೊರಗಿನದಾದರೆ ಆ ಸಾಧನ ಬೇಡ.

ಕರ್ನಲ್ ಹಳೆಯದು, ಚಿಪ್ ಹೊಸದು

"ಯುನೇಮ್ -ಆರ್" ನಿಮ್ಮ ಕರ್ನಲ್ ಆವೃತ್ತಿ ಹೇಳುತ್ತದೆ. ಹೊಸ ಕರ್ನಲ್ ಸುಮಾರು ಒಂಬತ್ತು-ಹತ್ತು ವಾರಗಳಿಗೊಮ್ಮೆ ಬರುತ್ತದೆ. ದೀರ್ಘಾವಧಿ ಬೆಂಬಲದ ಡಿಸ್ಟ್ರೋಗಳು ಒಂದು ಆವೃತ್ತಿಗೆ ಅಂಟಿಕೊಂಡಿರುತ್ತವೆ. ಮೊನ್ನೆ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪ್‌ಗೆ ಎರಡು ವರ್ಷದ ಹಿಂದಿನ ಕರ್ನಲ್ ಹಾಕಿ ಎಲ್ಲವೂ ಓಡಲಿ ಎಂದರೆ ಆಗದು. ಹೊಸ ಕರ್ನಲ್ ಇರುವ ಯಾವುದಾದರೂ ಡಿಸ್ಟ್ರೋದ ಲೈವ್ ಪೆನ್‌ಡ್ರೈವ್‌ನಿಂದ (ಇನ್‌ಸ್ಟಾಲ್ ಮಾಡದೆಯೇ ಓಡುವಂಥದು) ಬೂಟ್ ಮಾಡಿ ನೋಡಿ. ಅಲ್ಲಿ ಸಾಧನ ಎದ್ದರೆ ಕಾರಣ ಗೊತ್ತಾಯಿತು: ಉಬುಂಟುವಿನ ಎಚ್‌ಡಬ್ಲ್ಯುಇ ಕರ್ನಲ್, ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್‌ನಂಥ ದಾರಿಯಲ್ಲಿ ಕರ್ನಲನ್ನಷ್ಟೇ ಏರಿಸಿಕೊಳ್ಳಿ. ಅಲ್ಲೂ ಏಳದಿದ್ದರೆ ಕಾಯುವುದೋ ಹಿಂತಿರುಗಿಸುವುದೋ ಎಂದು ಯೋಚಿಸುವ ಸಮಯ.

ಇದಕ್ಕೆ ಉಲ್ಟಾ ಇನ್ನೊಂದು ಲಕ್ಷಣವಿದೆ. ನಿನ್ನೆಯವರೆಗೆ ಸರಿಯಿದ್ದ ವೈಫೈ ಅಪ್‌ಡೇಟ್ ಆದ ಮೇಲೆ ಮಾಯ. ಡ್ರೈವರ್ ಕರ್ನಲ್‌ನ ಹೊರಗಿನದು ಎನ್ನುವುದಕ್ಕೆ ಇದು ಗಟ್ಟಿ ಸುಳಿವು. ಹೊಸ ಕರ್ನಲ್ ಬಂದಾಗಲೆಲ್ಲ ಅದನ್ನು ಮತ್ತೆ ಕಂಪೈಲ್ ಮಾಡಬೇಕು. ಡಿಕೆಎಂಎಸ್ ಎಂಬ ಸಾಧನ ಆ ಕೆಲಸವನ್ನು ತಾನಾಗಿ ಮಾಡುತ್ತದೆ, ಆದರೆ ಕರ್ನಲ್‌ನ ಒಳಗಿನ ಹೆಣಿಗೆ ಬದಲಾಗಿದ್ದರೆ ಅದೂ ಸೋಲುತ್ತದೆ. ಬೂಟ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ನೋಡಿ, ವೈಫೈ ಬಂದರೆ ಹೊಸ ಕರ್ನಲ್‌ಗೂ ಡ್ರೈವರಿಗೂ ಹೊಂದುತ್ತಿಲ್ಲ ಎಂದರ್ಥ. ಡಬ್ಬಿಯ ಮೇಲೆ ಪೆಂಗ್ವಿನ್ ಚಿತ್ರ, "ಲಿನಕ್ಸ್ ಬೆಂಬಲವಿದೆ" ಎಂಬ ಬರಹ ಇರುವ ಸಾಧನಗಳಲ್ಲೂ ಕೆಲವು ಇದೇ ಜಾತಿ. ಬೆಂಬಲವೆಂದರೆ ಯಾವುದೋ ಹಳೆಯ ಕರ್ನಲ್‌ಗೆ ಬರೆದು ಕೈಬಿಟ್ಟ ಒಂದು ಜಿಪ್ ಕಡತ. ಯುಎಸ್‌ಬಿ ವೈಫೈ ಬೇಕೇ ಬೇಕು ಎನ್ನುವವರು ಮೀಡಿಯಾಟೆಕ್‌ನ ಎಂಟಿ7612ಯು ಅಥವಾ ಎಂಟಿ7921ಯು ಚಿಪ್ ಇರುವುದನ್ನು ಹುಡುಕಿ. ಅವುಗಳ ಡ್ರೈವರ್ ಎಂಟಿ76 ಎಂಬ ಹೆಸರಿನಲ್ಲಿ ಕರ್ನಲ್‌ನೊಳಗೇ ಇದೆ, ಫರ್ಮ್‌ವೇರ್ ಸಾಮಾನ್ಯ ಪ್ಯಾಕೇಜ್‌ನಲ್ಲಿ ಬರುತ್ತದೆ.

ಅಡ್ಡ ನಿಂತವರು

"ಆರ್‌ಎಫ್‌ಕಿಲ್ ಲಿಸ್ಟ್" ಎಂದರೆ ಎರಡು ಬಗೆಯ ತಡೆ ತೋರಿಸುತ್ತದೆ. ಸಾಫ್ಟ್ ಎಂದಿದ್ದರೆ "ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್" ಸಾಕು. ಹಾರ್ಡ್ ಎಂದಿದ್ದರೆ ಯಾವ ಕಮಾಂಡೂ ನಡೆಯುವುದಿಲ್ಲ. ಲ್ಯಾಪ್‌ಟಾಪಿನ ಅಂಚಿನ ಸ್ವಿಚ್, ವೈಫೈ ಆನ್-ಆಫ್ ಮಾಡುವ ಕೀಬೋರ್ಡ್ ಕೀಲಿಗಳು ಅಥವಾ ಬಯೋಸ್ ನೋಡಿ. ಜೊತೆಗೆ ವಿಂಡೋಸ್ ಕೂಡ ಇರುವ ಯಂತ್ರವಾದರೆ ಅದರ "ಫಾಸ್ಟ್ ಸ್ಟಾರ್ಟಪ್" ಆಫ್ ಮಾಡಿ. ಅದು ಇರುವಾಗ ಶಟ್‌ಡೌನ್ ಎಂಬುದು ನಿಜವಾದ ಶಟ್‌ಡೌನ್ ಅಲ್ಲ, ಕಾರ್ಡ್ ಅರೆನಿದ್ದೆಯಲ್ಲೇ ಲಿನಕ್ಸ್ ಕೈಗೆ ಬರಬಹುದು.

ಹೊರಗಿನ ಡ್ರೈವರ್ ಕಂಪೈಲ್ ಆಗಿದೆ, ಲೋಡ್ ಮಾಡಲು ಹೋದರೆ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಎನ್ನುತ್ತದೆ ಎಂದರೆ ಅದು ಸೆಕ್ಯೂರ್ ಬೂಟ್. ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಬಿಡುತ್ತಿಲ್ಲ. ಉಬುಂಟುವಿನಂಥವು ಇನ್‌ಸ್ಟಾಲ್ ವೇಳೆ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ತೋರಿಸಿ "ಎನ್‌ರೋಲ್ ಎಂಒಕೆ", ಅಂದರೆ ನಿಮ್ಮ ಸಹಿಯ ಕೀಲಿಯನ್ನು ನೋಂದಾಯಿಸಿ, ಎನ್ನುತ್ತವೆ. ಅದೇನೋ ಎರರ್ ಇರಬೇಕೆಂದು ಮುಂದೆ ಒತ್ತಿಬಿಡುವವರೇ ಹೆಚ್ಚು. ಆ ಪರದೆಯಲ್ಲೇ ಪಾಸ್‌ವರ್ಡ್ ಹೊಡೆಯಬೇಕಿತ್ತು.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುತ್ತಿಲ್ಲವೆಂದರೆ ಬಯೋಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ರೈಡ್ ಮೋಡ್ ಇದೆಯೇ ನೋಡಿ, ಎಎಚ್‌ಸಿಐಗೆ ಬದಲಿಸಿ. ವಿಂಡೋಸ್ ಉಳಿಸಿಕೊಳ್ಳುವವರು ಹಾಗೆ ಏಕಾಏಕಿ ಬದಲಿಸಿದರೆ ವಿಂಡೋಸ್ ಬೂಟ್ ಆಗದೆ ಹೋಗಬಹುದು, ಅದಕ್ಕೆ ಮೊದಲೇ ಸಿದ್ಧತೆ ಬೇಕು.

ಗ್ರಾಫಿಕ್ಸ್

ಪರದೆ ಬಂದ ಮಾತ್ರಕ್ಕೆ ಗ್ರಾಫಿಕ್ಸ್ ಚಿಪ್ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಡಿ. "ಜಿಎಲ್‌ಎಕ್ಸ್‌ಇನ್ಫೋ -ಬಿ" (ಇಲ್ಲಿನ ಬಿ ಮಾತ್ರ ದೊಡ್ಡಕ್ಷರ) ಓಡಿಸಿ, "ರೆಂಡರರ್" ಎಂಬ ಸಾಲು ಓದಿ. ಅಲ್ಲಿ "ಎಲ್‌ಎಲ್‌ವಿಎಂಪೈಪ್" ಎಂದಿದ್ದರೆ ಚಿತ್ರ ಬಿಡಿಸುತ್ತಿರುವುದು ಪ್ರೊಸೆಸರ್, ದುಬಾರಿ ಕಾರ್ಡ್ ಸುಮ್ಮನೆ ಕೂತಿದೆ. ಫ್ಯಾನ್ ಸದಾ ಕೂಗುವುದು, ವಿಡಿಯೋ ತೊದಲುವುದು ಇದರದೇ ಲಕ್ಷಣ.

ಬೂಟ್ ಆಗುವಾಗಲೇ ಪರದೆ ಕಪ್ಪಾದರೆ ಬೂಟ್ ಮೆನುವಿನಲ್ಲಿ ಕರ್ನಲ್ ಸಾಲಿನ ಕೊನೆಗೆ "ನೊಮೋಡ್‌ಸೆಟ್" ಸೇರಿಸಿ ಒಳಗೆ ಬನ್ನಿ. ಇದು ಒಳಹೊಕ್ಕು ರಿಪೇರಿ ಮಾಡಲು ಮಾತ್ರ. ಇದನ್ನೇ ಖಾಯಂ ಮಾಡಿಕೊಂಡು "ಲಿನಕ್ಸ್ ನಿಧಾನ" ಎಂದು ದೂರುವವರಿದ್ದಾರೆ.

ಕೊಳ್ಳುವವರಿಗೆ ಇಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಎಎಂಡಿ ಮತ್ತು ಇಂಟೆಲ್ ಗ್ರಾಫಿಕ್ಸ್‌ನ ಡ್ರೈವರ್ ಕರ್ನಲ್‌ನಲ್ಲಿದೆ, ಮೇಲಿನ ಭಾಗ ಮೆಸಾ ಎಂಬ ಗ್ರಾಫಿಕ್ಸ್ ತಂತ್ರಾಂಶದಲ್ಲಿದೆ, ಎರಡೂ ಮುಕ್ತ. ಫರ್ಮ್‌ವೇರ್ ಮಾತ್ರ ಮುಚ್ಚಿದ್ದು. ಎನ್‌ವಿಡಿಯಾದ ಕತೆ ಉದ್ದ. ನೂವೋ ಎಂಬ ಮುಕ್ತ ಡ್ರೈವರನ್ನು ಹೊರಗಿನವರು ಕಾರ್ಡಿನ ನಡವಳಿಕೆ ನೋಡಿ ನೋಡಿಯೇ ಬರೆದದ್ದು. ಜಿಟಿಎಕ್ಸ್ 900 ಸರಣಿಯಿಂದ ಕಾರ್ಡ್ ಸಹಿಯಿರುವ ಫರ್ಮ್‌ವೇರ್ ಬಿಟ್ಟು ಬೇರೆಯದನ್ನು ಒಪ್ಪದಂತಾಯಿತು. ಆದ್ದರಿಂದ ನೂವೋ ಆ ಕಾರ್ಡ್‌ಗಳ ವೇಗ ಏರಿಸಲಾರದೆ, ಬೂಟ್ ಆದಾಗಿನ ಮಂದಗತಿಯಲ್ಲೇ ಓಡಿಸಬೇಕಾಯಿತು. ಆಮೇಲೆ ಬಂದ ಟ್ಯೂರಿಂಗ್ ಪೀಳಿಗೆಯ ಕಾರ್ಡ್‌ಗಳಿಂದ ಸ್ಥಿತಿ ಬದಲಾಗಿದೆ: 2022ರ ಮೇ ತಿಂಗಳಲ್ಲಿ ಕಂಪನಿ ತನ್ನ ಕರ್ನಲ್ ಮಾಡ್ಯೂಲ್‌ಗಳನ್ನು ಮುಕ್ತವಾಗಿಸಿತು, ಕರ್ನಲ್ 6.7ರಿಂದ ನೂವೋ ಕೂಡ ಕಾರ್ಡಿನೊಳಗಿನ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರ್‌ನ ಫರ್ಮ್‌ವೇರ್ ಬಳಸಬಲ್ಲದು. ಎಂದರೆ ಮುಕ್ತ ಡ್ರೈವರ್‌ಗೆ ಅತ್ಯಂತ ಕೆಟ್ಟ ಆಯ್ಕೆ ತೀರಾ ಹಳೆಯ ಕಾರ್ಡೂ ಅಲ್ಲ, ಹೊಸದೂ ಅಲ್ಲ, ನಡುವಿನ ಜಿಟಿಎಕ್ಸ್ 900 ಮತ್ತು 10 ಸರಣಿಗಳು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವುದೂ ಅವೇ.

ಎಎಂಡಿ ಕಾರ್ಡ್ ಕೊಂಡು, 4ಕೆ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿದಾಗ 120 ಹರ್ಟ್ಸ್ ಸಿಗುತ್ತಿಲ್ಲವೆಂದರೆ ಕೇಬಲ್ ಬದಲಿಸುತ್ತ ಹೋಗುವ ಮುನ್ನ ಒಂದು ವಿಷಯ ತಿಳಿದಿರಲಿ. ಎಚ್‌ಡಿಎಂಐ 2.1ನ್ನು ಮುಕ್ತ ಡ್ರೈವರ್‌ನಲ್ಲಿ ಅಳವಡಿಸುವ ಎಎಂಡಿಯ ಪ್ರಸ್ತಾವವನ್ನು 2024ರಲ್ಲಿ ಎಚ್‌ಡಿಎಂಐ ಫೋರಂ ತಳ್ಳಿಹಾಕಿತು. ತೊಡಕು ಇರುವುದು ಕಾನೂನಿನಲ್ಲಿ, ತಂತಿಯಲ್ಲಲ್ಲ. ಮಾನಿಟರ್ ಕೊಳ್ಳುವಾಗ ಡಿಸ್‌ಪ್ಲೇಪೋರ್ಟ್ ಇರುವುದನ್ನೇ ನೋಡಿಕೊಂಡರೆ ಈ ಜಗಳವೇ ಇಲ್ಲ.

ಸದ್ದು, ಕ್ಯಾಮೆರಾ, ಬೆರಳಚ್ಚು

ಸೌಂಡ್ ಸೆಟ್ಟಿಂಗ್ಸ್‌ನಲ್ಲಿ "ಡಮ್ಮಿ ಔಟ್‌ಪುಟ್" ಒಂದೇ ಕಂಡರೆ, ಇಂಟೆಲ್ ಲ್ಯಾಪ್‌ಟಾಪ್ ಆಗಿದ್ದರೆ, ಎಸ್‌ಒಎಫ್ ಎಂಬ ಸದ್ದಿನ ಫರ್ಮ್‌ವೇರ್ ಪ್ಯಾಕೇಜ್ ಹಾಕಿ. ಹೆಡ್‌ಫೋನ್‌ನಲ್ಲಿ ಸದ್ದು ಬಂದು ಸ್ಪೀಕರ್ ಮೂಕವಾಗಿದ್ದರೆ, ಬೇರೆಯೇ ಆಂಪ್ಲಿಫೈಯರ್ ಚಿಪ್ ಇರುವ ಮಾದರಿ ಅದು. ಹೊಸ ಕರ್ನಲ್‌ನಲ್ಲಿ ಪರೀಕ್ಷಿಸಿ.

ಬಹುಪಾಲು ವೆಬ್‌ಕ್ಯಾಮ್‌ಗಳು ಯುವಿಸಿ ಎಂಬ ಸಾಮಾನ್ಯ ಮಾನದಂಡ ಪಾಲಿಸುತ್ತವೆ. 2008ರ ಕರ್ನಲ್ 2.6.26ರಿಂದಲೇ ಅದರ ಡ್ರೈವರ್ ಇದೆ, ಚುಚ್ಚಿದರೆ ನಡೆಯುತ್ತವೆ. ಆದರೆ ಈಚಿನ ಕೆಲವು ತೆಳು ಲ್ಯಾಪ್‌ಟಾಪ್‌ಗಳ ಕ್ಯಾಮೆರಾ ಯುಎಸ್‌ಬಿಯಲ್ಲಿ ಇರುವುದೇ ಇಲ್ಲ. ಇಂಟೆಲ್‌ನ ಐಪಿಯು6 ಎಂಬ ಚಿತ್ರ ಸಂಸ್ಕಾರಕಕ್ಕೆ ನೇರ ಜೋಡಿಸಿರುತ್ತಾರೆ. "ಎಲ್‌ಎಸ್‌ಯುಎಸ್‌ಬಿ"ಯಲ್ಲಿ ಕ್ಯಾಮೆರಾ ಕಾಣದೆ "ಎಲ್‌ಎಸ್‌ಪಿಸಿಐ"ಯಲ್ಲಿ ಐಪಿಯು ಕಂಡರೆ ಇದೇ. ವಿಡಿಯೋ ಕರೆಯೇ ನಿಮ್ಮ ದಿನದ ಕೆಲಸವಾದರೆ ಕೊಳ್ಳುವ ಮುಂಚೆ ಇದನ್ನು ಖಚಿತ ಮಾಡಿಕೊಳ್ಳಿ, ಇಲ್ಲವೇ ಹೊರಗಿನ ಯುವಿಸಿ ಕ್ಯಾಮೆರಾ ಇಟ್ಟುಕೊಳ್ಳಿ.

ಬೆರಳಚ್ಚು ಓದುವ ಸಾಧನಕ್ಕೆ ಲಿಬ್‌ಎಫ್‌ಪ್ರಿಂಟ್ ಯೋಜನೆಯ ಪಟ್ಟಿಯಲ್ಲಿ ಯುಎಸ್‌ಬಿ ಸಂಖ್ಯೆ ಇದೆಯೇ ನೋಡಿ. ಇಲ್ಲವಾದರೆ ಅದನ್ನು ಮರೆತು ಪಾಸ್‌ವರ್ಡ್ ಹೊಡೆಯುವುದೇ ಸುಖ.

ಪ್ರಿಂಟರ್

ಮುಕ್ತ ತಂತ್ರಾಂಶ ಚಳವಳಿಯ ಬೇರು ಒಂದು ಪ್ರಿಂಟರ್‌ನಲ್ಲೇ ಇದೆ. ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್, ಕಾಗದ ಸಿಕ್ಕಿಕೊಂಡಾಗ ಬಳಕೆದಾರರಿಗೆ ಸುದ್ದಿ ಹೋಗುವಂತೆ ಹಳೆಯ ಪ್ರಿಂಟರ್‌ನ ಪ್ರೋಗ್ರಾಂ ತಿದ್ದಿದ್ದರು. ಆಮೇಲೆ ಬಂದ ಜೆರಾಕ್ಸ್ ಲೇಸರ್ ಪ್ರಿಂಟರ್‌ಗೆ ಅದನ್ನೇ ಮಾಡಲು ಹೋದರೆ ಮೂಲ ಸಂಕೇತ ಸಿಗಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. ಅಷ್ಟು ವರ್ಷಗಳ ಮೇಲೂ ತೊಂದರೆ ಕೊಡುವುದರಲ್ಲಿ ಪ್ರಿಂಟರ್‌ನದು ಮೊದಲ ಸಾಲೇ.

ಆದರೂ ಈಗ ದಾರಿ ಸರಳವಾಗಿದೆ. ಐಪಿಪಿ ಎವೆರಿವೇರ್ ಅಥವಾ ಏರ್‌ಪ್ರಿಂಟ್ ಎಂದು ನಮೂದಿಸಿರುವ ಪ್ರಿಂಟರ್‌ಗೆ ಡ್ರೈವರೇ ಬೇಡ. ಫೋನಿನಿಂದ ನೇರ ಮುದ್ರಿಸಲು ತಯಾರಕರು ಮಾಡಿಕೊಂಡ ವ್ಯವಸ್ಥೆಯ ಲಾಭ ನಮಗೂ ಸಿಕ್ಕಿದೆ. ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಅದನ್ನು ಜಾಲದಲ್ಲಿ ತಾನಾಗಿ ಗುರುತಿಸುತ್ತದೆ. ಕಾಣದಿದ್ದರೆ ಜಾಲದಲ್ಲಿ ಸಾಧನಗಳನ್ನು ಹುಡುಕುವ "ಅವಾಹಿ" ಸೇವೆ ಓಡುತ್ತಿದೆಯೇ, ಫೈರ್‌ವಾಲ್ ತಡೆದಿದೆಯೇ, ಪ್ರಿಂಟರ್ ಮತ್ತು ಕಂಪ್ಯೂಟರ್ ಒಂದೇ ವೈಫೈನಲ್ಲಿವೆಯೇ ನೋಡಿ. ಅತಿಥಿ ಜಾಲಕ್ಕೆ ಸೇರಿದ ಲ್ಯಾಪ್‌ಟಾಪ್‌ಗೆ ಮನೆಯ ಪ್ರಿಂಟರ್ ಕಾಣದಿರುವುದು ಸಹಜ. ಯುಎಸ್‌ಬಿ ಕೇಬಲ್‌ನಲ್ಲಿರುವ ಹೊಸ ಪ್ರಿಂಟರ್‌ಗೆ "ಐಪಿಪಿ-ಯುಎಸ್‌ಬಿ", ಸ್ಕ್ಯಾನರ್‌ಗೆ "ಸೇನ್-ಏರ್‌ಸ್ಕ್ಯಾನ್" ಪ್ಯಾಕೇಜ್ ಸಾಕು.

ಹಳೆಯ ಅಗ್ಗದ ಲೇಸರ್‌ಗಳ ರೋಗ ಬೇರೆ. ಎಚ್‌ಪಿ ಲೇಸರ್‌ಜೆಟ್ 1018, 1020ರಂಥವು ತಮ್ಮ ಫರ್ಮ್‌ವೇರನ್ನು ಒಳಗೆ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಅದನ್ನು ಕಳಿಸಬೇಕು. ಹೀಗಾಗಿ ಬೆಳಿಗ್ಗೆ ಮುದ್ರಿಸಿದ್ದು, ಕರೆಂಟ್ ಹೋಗಿ ಬಂದ ಮೇಲೆ ಕೆಲಸವನ್ನು ಸರದಿಯಲ್ಲಿ ಹಿಡಿದು ಸುಮ್ಮನಿರುತ್ತದೆ. ಕೇಬಲ್ ತೆಗೆದು ಮತ್ತೆ ಚುಚ್ಚಿದಾಗ ಎದ್ದರೆ ಫರ್ಮ್‌ವೇರ್ ಕಳಿಸುವ ಸ್ಕ್ರಿಪ್ಟ್ ಸರಿಯಾದ ಹೊತ್ತಿಗೆ ಓಡುತ್ತಿಲ್ಲ ಎಂದರ್ಥ.

ಮುಚ್ಚಿಟ್ಟ ಲ್ಯಾಪ್‌ಟಾಪ್ ಬಿಸಿಯಾಗಿದ್ದರೆ

ಮುಚ್ಚಿದ ಲ್ಯಾಪ್‌ಟಾಪ್ ಸರಿಯಾಗಿ ನಿದ್ದೆಗೆ ಹೋಗುತ್ತಿಲ್ಲ ಎಂದರ್ಥ. "ಸಿಸ್" ಫೋಲ್ಡರಿನೊಳಗಿನ "ಪವರ್"ನಲ್ಲಿ "ಮೆಮ್ ಸ್ಲೀಪ್" ಎಂಬ ಪುಟ್ಟ ಕಡತವಿದೆ. ಅದನ್ನು ತೆರೆದರೆ "ಎಸ್2ಐಡಲ್" (ಹಗುರ ನಿದ್ದೆ) ಮತ್ತು "ಡೀಪ್" (ಗಾಢನಿದ್ದೆ) ಎರಡೂ ಕಾಣಬಹುದು, ಈಗ ಬಳಕೆಯಲ್ಲಿರುವುದಕ್ಕೆ ಚೌಕ ಆವರಣ ಇರುತ್ತದೆ. ಎರಡೂ ಇದ್ದು ಆವರಣ ಮೊದಲನೆಯದರ ಸುತ್ತ ಇದ್ದರೆ ಡೀಪ್‌ಗೆ ಬದಲಿಸಿ ನೋಡಿ. ಎಸ್2ಐಡಲ್ ಒಂದೇ ಇದ್ದರೆ ತಯಾರಕರು ಹಳೆಯ ಗಾಢನಿದ್ದೆಯನ್ನು ಬಯೋಸ್‌ನಿಂದ ತೆಗೆದುಹಾಕಿದ್ದಾರೆ. ಆಗ ಉಳಿದ ದಾರಿ ಬಯೋಸ್ ಅಪ್‌ಡೇಟ್ ಅಥವಾ ಹೈಬರ್ನೇಟ್. ಯಾವ ಡಬ್ಬಿಯ ಮೇಲೂ ಬರೆಯದ ವಿಷಯವಿದು, ಲೈವ್ ಪೆನ್‌ಡ್ರೈವ್‌ನಲ್ಲಿ ಮಾತ್ರ ತಿಳಿಯುವಂಥದು.

ಇನ್ನೂ ಕೊಂಡಿಲ್ಲವೆಂದರೆ

ಲಿನಕ್ಸ್-ಹಾರ್ಡ್‌ವೇರ್ ಎಂಬ ತಾಣದಲ್ಲಿ ಬಳಕೆದಾರರು ತಮ್ಮ ಯಂತ್ರಗಳ ತಪಾಸಣಾ ವರದಿ ಸೇರಿಸಿದ್ದಾರೆ, ಸಂಖ್ಯೆ ಕೊಟ್ಟು ಹುಡುಕಬಹುದು. ಪೂರ್ತಿ ಮುಕ್ತವೇ ಬೇಕೆನ್ನುವವರಿಗೆ ಎಚ್-ನೋಡ್ ಪಟ್ಟಿಯಿದೆ, ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2012ರಿಂದ ಕೊಡುತ್ತಿರುವ "ರೆಸ್ಪೆಕ್ಟ್ಸ್ ಯುವರ್ ಫ್ರೀಡಂ" ಮುದ್ರೆಯಿದೆ. ಮುದ್ರೆ ಪಡೆದ ಸಾಧನಗಳು ಕಡಿಮೆ, ಬಹಳಷ್ಟು ಹಳೆಯವು. ಆ ಮಿತಿ ಗೊತ್ತಿದ್ದು ಹೋಗಿ. ಬಿಎಸ್‌ಡಿ ಬಳಸುವವರು ತಮ್ಮ ಆವೃತ್ತಿಯ ಹಾರ್ಡ್‌ವೇರ್ ಟಿಪ್ಪಣಿ, ಡ್ರೈವರ್‌ನ ಮ್ಯಾನ್ ಪುಟ (ಕೈಪಿಡಿ) ಓದಿದರೆ ಸಾಕು, ಅಲ್ಲಿ ಚಿಪ್‌ಗಳ ಹೆಸರೇ ಇರುತ್ತದೆ. ತಯಾರಕರು ಲಿನಕ್ಸ್ ಬಳಕೆದಾರರಿಗೆ ಫರ್ಮ್‌ವೇರ್ ಹಂಚುವ ಎಲ್‌ವಿಎಫ್‌ಎಸ್ ತಾಣದಲ್ಲಿ ನಿಮ್ಮ ಮಾದರಿ ಇದೆಯೇ ಎಂದೂ ನೋಡಿ. ಇದ್ದರೆ ಬಯೋಸ್ ಅಪ್‌ಡೇಟನ್ನು ವಿಂಡೋಸ್ ಇಲ್ಲದೆ ಎಫ್‌ಡಬ್ಲ್ಯುಅಪ್‌ಡಿ ಎಂಬ ಸಾಧನದ ಮೂಲಕ ಹಾಕಬಹುದು.

ವೈಫೈ ಕಾರ್ಡ್ ಬದಲಿಸಿಕೊಳ್ಳೋಣ ಎಂದು ಲ್ಯಾಪ್‌ಟಾಪ್ ಕೊಳ್ಳುವವರು ಮೊದಲು ಕಾರ್ಡ್ ಬೆಸುಗೆ ಹಾಕಿದ್ದೋ, ಸಿಕ್ಕಿಸಿದ್ದೋ ತಿಳಿಯಿರಿ. ಸಿಕ್ಕಿಸಿದ್ದಾದರೆ ಇಂಟೆಲ್ ಕಾರ್ಡ್‌ಗಳಲ್ಲಿ ಕೊನೆಯ ಅಂಕೆ ನೋಡಿ. ಎಎಕ್ಸ್200, ಎಎಕ್ಸ್210 ಸಾಮಾನ್ಯ ಪಿಸಿಐ ಕಾರ್ಡ್‌ಗಳು, ಎಎಂಡಿ ಯಂತ್ರದಲ್ಲೂ ಓಡುತ್ತವೆ. ಎಎಕ್ಸ್201, ಎಎಕ್ಸ್211 ಸಿಎನ್‌ವಿಐ ಬಗೆಯವು: ವೈಫೈಯ ಅರ್ಧ ಭಾಗ ಇಂಟೆಲ್ ಪ್ರೊಸೆಸರ್ ಕಡೆಯಲ್ಲೇ ಇದೆ, ಕಾರ್ಡಿನಲ್ಲಿರುವುದು ಉಳಿದರ್ಧ. ನೋಡಲು ಎರಡೂ ಒಂದೇ, ಸಾಕೆಟ್‌ನಲ್ಲಿ ಕೂರುತ್ತವೆ ಕೂಡ. ಎಎಂಡಿ ಲ್ಯಾಪ್‌ಟಾಪ್‌ಗೆ 201 ಹಾಕಿದರೆ "ಎಲ್‌ಎಸ್‌ಪಿಸಿಐ"ಯಲ್ಲಿ ಸಾಲೇ ಬರುವುದಿಲ್ಲ, ಆಗ ಡ್ರೈವರ್ ಹುಡುಕಿ ಪ್ರಯೋಜನವಿಲ್ಲ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯೋಸ್ ತಾನು ಒಪ್ಪಿದ ಕಾರ್ಡ್ ಬಿಟ್ಟು ಬೇರೆಯದನ್ನು ಕಂಡರೆ ಬೂಟ್ ಆಗಲೂ ಬಿಡುವುದಿಲ್ಲ.

ಡಾಕ್ (ಒಂದೇ ಕೇಬಲ್‌ನಲ್ಲಿ ಮಾನಿಟರ್, ಕೀಬೋರ್ಡ್ ಜೋಡಿಸುವ ಡಬ್ಬಿ) ಕೊಳ್ಳುವಾಗ "ಡಿಸ್‌ಪ್ಲೇಲಿಂಕ್" ಎಂಬ ಪದ ಕಂಡರೆ ಕೆಳಗಿಡಿ. ಅದು ಚಿತ್ರವನ್ನು ಯುಎಸ್‌ಬಿ ದತ್ತಾಂಶವಾಗಿ ಕುಗ್ಗಿಸಿ ಕಳಿಸುವ ವಿಧಾನ, ಅದಕ್ಕೆ ಮುಚ್ಚಿದ ಡ್ರೈವರ್ ಬೇಕು. "ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್" ಎಂದಿದ್ದರೆ ಗ್ರಾಫಿಕ್ಸ್ ಚಿಪ್ಪಿನ ಸಂಕೇತವೇ ನೇರ ಹೋಗುತ್ತದೆ, ಬೇರೆ ಡ್ರೈವರ್ ಬೇಡ. ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಗೆ ಆ ಸೌಲಭ್ಯ ಇದೆಯೇ ಎಂಬುದನ್ನಷ್ಟೇ ನೋಡಿಕೊಳ್ಳಬೇಕು.

ಅಂಗಡಿಯವರು ಅಥವಾ ಹಳೆಯ ಮಾಲೀಕರು ಒಪ್ಪಿದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸ್ಪೀಕರ್, ಕ್ಯಾಮೆರಾ, ವೈಫೈ ನೋಡಿ, ಮುಚ್ಚಳ ಮುಚ್ಚಿ ತೆರೆದು ನಿದ್ದೆಯಿಂದ ಏಳುತ್ತದೆಯೇ ಪರೀಕ್ಷಿಸಿ. ಒಪ್ಪದಿದ್ದರೆ ಹಿಂತಿರುಗಿಸುವ ಅವಧಿಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ, ಮೊದಲ ದಿನವೇ ಈ ಪರೀಕ್ಷೆ ಮುಗಿಸಿ. ಆ ಅವಧಿ ಮುಗಿಯುವವರೆಗೆ ಯಂತ್ರದೊಂದಿಗೆ ಬಂದ ವಿಂಡೋಸ್ ಅಳಿಸಬೇಡಿ. ಸ್ಪೀಕರ್ ಅಲ್ಲೂ ಮೂಕವಾಗಿದ್ದರೆ ಸ್ಪೀಕರೇ ಕೆಟ್ಟಿದೆ, ಆಗ ವಾರಂಟಿ ಕೇಳುವಾಗ ಲಿನಕ್ಸ್ ಹೆಸರೆತ್ತುವ ಅಗತ್ಯವೇ ಬೀಳುವುದಿಲ್ಲ.